ಆಸನದ ಋಣ

ಷೋಡಶೋಪಚಾರ ಪೂಜೆಯಲ್ಲಿ ದೇವರನ್ನು ಆವಾಹನೆ ಮಾಡಿದ ಕೂಡಲೇ ಸಲ್ಲಿಸುವುದು ಆಸನ. ಪಾದ್ಯ, ಅರ್ಘ್ಯ, ಸ್ನಾನ, ವಸ್ತ್ರ, ಗಂಧ, ಪುಷ್ಪ, ಧೂಪ, ದೀಪ, ನೈವೇದ್ಯ ಎಲ್ಲವೂ ಆಮೇಲಿನವು. ಬಾ ಎಂದು ಕರೆದವನು ಕೂರು ಎನ್ನದೆ ಮುಂದಿನ ಯಾವ ಸತ್ಕಾರಕ್ಕೂ ಕೈಹಾಕುವಂತಿಲ್ಲ. ಮನೆಬಾಗಿಲಿಗೆ ಬಂದ ಅತಿಥಿಗೆ ಮಾಡುವುದನ್ನೇ ದೇವರಿಗೂ ಮಾಡುವ ಈ ಕ್ರಮದ ಹಿಂದೆ ಒಂದು ಗಟ್ಟಿ ತಿಳಿವಳಿಕೆಯಿದೆ. ಎಷ್ಟೇ ಚೆನ್ನಾಗಿ ಮಾತಾಡಿಸಿದರೂ ನಿಂತವನು ಹೊರಗಿನವನಾಗಿಯೇ ಉಳಿಯುತ್ತಾನೆ. ಈ ಕ್ರಮವನ್ನು ತೀರಾ ಲೌಕಿಕವಾದ ಒಂದು ಜಾಗಕ್ಕೆ, ಕಚೇರಿಗೆ, ಹಿಡಿದು ನೋಡಬೇಕೆನ್ನುವುದು ನನ್ನ ಉದ್ದೇಶ. ನಮ್ಮ ಬದುಕಿನ ಎಷ್ಟೋ ಮುಖ್ಯ ಭೇಟಿಗಳು ಈಗ ನಡೆಯುವುದು ಕಚೇರಿಗಳಲ್ಲೇ: ಕೆಲಸ ಸಿಗುವುದು, ಸಾಲ ಸಿಗುವುದು, ಜಮೀನಿನ ಖಾತೆ ಬದಲಾಗುವುದು, ಪಿಂಚಣಿ ಮಂಜೂರಾಗುವುದು. ಬೆಂಗಳೂರಿನಂಥ ಊರಿನಲ್ಲಿ ಹೊಸ ಕಚೇರಿ ಮಾಡುವವರು ಒಳಾಂಗಣ ವಿನ್ಯಾಸದವರ ಮುಂದೆ ಇವತ್ತು ಎರಡು ಬೇಡಿಕೆ ಇಡುತ್ತಾರೆ. ಬಂದವರಿಗೆ ಆತ್ಮೀಯ ಅನ್ನಿಸಬೇಕು, ಪರಿಸರಕ್ಕೆ ಹೊರೆಯಾಗಬಾರದು. ಮೊದಲನೆಯದನ್ನು ಬೆಳಕು, ಬಣ್ಣ, ಮೆತ್ತೆಗಳಿಗೆ ವಹಿಸಿ, ಎರಡನೆಯದನ್ನು ಒಂದು ಪ್ರಮಾಣಪತ್ರಕ್ಕೆ ವಹಿಸಿಬಿಟ್ಟರೆ ಕೆಲಸ ಮುಗಿಯಿತು ಎಂಬ ನಂಬಿಕೆ ಬಲವಾಗಿದೆ. ನನ್ನ ವಾದ ಇದಕ್ಕೆ ವಿರುದ್ಧವಾದದ್ದು. ಇವೆರಡೂ ಒಂದೇ ಬೇಡಿಕೆ. ಕೋಣೆಯಲ್ಲಿ ಇಲ್ಲದವರ ಮೇಲೆ ವೆಚ್ಚ ಹೊರಿಸಿ ಕೋಣೆಗೆ ಬಂದವರಿಗೆ ಕೊಡುವ ಆಸನ ಸತ್ಕಾರ ಆಗುವುದಿಲ್ಲ. ಕುರ್ಚಿಯನ್ನು ಹೇಗೆ ಮಾಡಿಸುತ್ತೇವೆ ಎನ್ನುವುದು ಧರ್ಮದ ಪ್ರಶ್ನೆಯಾಗುವುದು ಹೀಗೆ.

ಕಚೇರಿಯಲ್ಲಿ ಎಲ್ಲಿಯ ಆತಿಥ್ಯ, ಅದು ವ್ಯವಹಾರದ ಜಾಗ, ಅಲ್ಲಿಯ ಮೆತ್ತನೆಯ ಸೋಫಾ ಗಿರಾಕಿಯನ್ನು ಒಲಿಸುವ ಉಪಾಯವಷ್ಟೇ ಎಂಬ ಆಕ್ಷೇಪ ಮೊದಲು ಬರುತ್ತದೆ. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ನಿಜವಾದ ಆತಿಥ್ಯ ಯಾವ ಕರಾರನ್ನೂ ಹಾಕಬಾರದು. ಕಚೇರಿಯಾದರೋ ಹೆಸರು, ಗುರುತಿನ ಚೀಟಿ, ಭೇಟಿಯ ಕಾರಣ ಇಷ್ಟನ್ನೂ ಕೇಳಿಯೇ ಬಾಗಿಲು ತೆರೆಯುವುದು. ಆದರೆ ಆತಿಥ್ಯವನ್ನು ಔದಾರ್ಯವೆಂದು ಮಾತ್ರ ತಿಳಿದಾಗ ಹುಟ್ಟುವ ಆಕ್ಷೇಪ ಇದು. 1795ರಲ್ಲಿ ಶಾಶ್ವತ ಶಾಂತಿಯನ್ನು ಕುರಿತು ಬರೆದ ಪ್ರಬಂಧದಲ್ಲಿ ಜರ್ಮನಿಯ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ಆತಿಥ್ಯವನ್ನು ದಯೆಯ ಲೆಕ್ಕದಿಂದ ತೆಗೆದು ಹಕ್ಕಿನ ಲೆಕ್ಕದಲ್ಲಿ ಇಟ್ಟ. ಪರನಾಡಿಗೆ ಬಂದವನನ್ನು ಬಂದನೆಂಬ ಒಂದೇ ಕಾರಣಕ್ಕೆ ಶತ್ರುವಿನಂತೆ ಕಾಣುವಂತಿಲ್ಲ ಎಂಬುದು ಅವನ ಮಾತಿನ ಸಾರ. ನಮ್ಮ ಕಠೋಪನಿಷತ್ತಿನಲ್ಲಿ ಇದೇ ವಿಚಾರ ಇನ್ನೂ ತೀಕ್ಷ್ಣವಾದ ಕಥೆಯಾಗಿ ಬಂದಿದೆ. ಯಮನ ಮನೆಗೆ ಹೋದ ಹುಡುಗ ನಚಿಕೇತ ಮೂರು ರಾತ್ರಿ ಅನ್ನ ನೀರಿಲ್ಲದೆ ಬಾಗಿಲಲ್ಲಿ ಕಾದ. ಯಮ ಹಿಂದಿರುಗಿ ಬಂದು ನೀರು ಕೊಟ್ಟು, ಕ್ಷಮೆ ಕೋರಿ, ಕಾದ ಒಂದೊಂದು ರಾತ್ರಿಗೆ ಒಂದೊಂದು ವರವನ್ನು ತೆತ್ತ. ಕಾಯಿಸಿದ್ದು ಸಾಲ, ವರ ಅದರ ತೀರುವಳಿ. ಎಲ್ಲರಿಗಿಂತ ಬಲವಂತನಾದ, ಯಾರಿಗೂ ಉತ್ತರ ಹೇಳಬೇಕಿಲ್ಲದ ಅಧಿಕಾರಿ ತನ್ನ ಬಾಗಿಲಲ್ಲಿ ಕಾದ ಹುಡುಗನಿಗೆ ಸಾಲಗಾರನಾಗುವ ಈ ಕಥೆಯಲ್ಲಿ ಔದಾರ್ಯದ ಸೋಂಕೇ ಇಲ್ಲ. ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಎದ್ದು 1956ರಲ್ಲಿ ಪೂರ್ಣಗೊಂಡ ವಿಧಾನಸೌಧದ ನೆತ್ತಿಯ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಎಂದು ಕೆತ್ತಲಾಗಿದೆ. ಆ ಮಾತನ್ನು ನಂಬುವುದಾದರೆ ಅರ್ಜಿ ಹಿಡಿದು ಬಂದವನು ಪೂಜೆ ಸಲ್ಲಬೇಕಾದವನು, ಅವನಿಗೆ ಮೊದಲು ಕೊಡಬೇಕಾದದ್ದು ಆಸನ. ಖಾಸಗಿ ಕಚೇರಿಗೂ ಈ ಹಕ್ಕು ಅನ್ವಯಿಸುತ್ತದೆ, ಏಕೆಂದರೆ ಅಲ್ಲಿಯೂ ಒಬ್ಬರ ಬಳಿ ಅಧಿಕಾರ ಇರುತ್ತದೆ, ಇನ್ನೊಬ್ಬರು ಕಾಯುತ್ತಾರೆ.

ಕೂರಿಸಬೇಕು ಎಂದಾಯಿತು. ಯಾವುದರ ಮೇಲೆ ಕೂರಿಸಬೇಕು? ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆ ಇದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. ಮಂಚ ಮತ್ತು ಪೀಠಗಳ ಲಕ್ಷಣ ಹೇಳುವ ಆ ಅಧ್ಯಾಯದಲ್ಲಿ ತೇಗ, ದೇವದಾರು, ಚಂದನ ಮೊದಲಾದ ಯೋಗ್ಯ ಮರಗಳ ಪಟ್ಟಿ ಇದೆ. ಅದಕ್ಕಿಂತ ಸ್ವಾರಸ್ಯದ್ದು ಬೇಡದ ಮರಗಳ ಪಟ್ಟಿ. ಸಿಡಿಲಿಗೆ, ಗಾಳಿಗೆ, ಪ್ರವಾಹಕ್ಕೆ, ಆನೆಗೆ ಸಿಕ್ಕಿ ಬಿದ್ದ ಮರ ಬೇಡ. ದೇವಾಲಯದ, ಸ್ಮಶಾನದ, ದಾರಿಬದಿಯ ಮರ ಬೇಡ. ಜೇನುಗೂಡು ಮತ್ತು ಹಕ್ಕಿಗೂಡುಗಳಿರುವ ಮರ ಬೇಡ. ಶುಭಾಶುಭಗಳ ನಂಬಿಕೆಯೇ ಈ ಪಟ್ಟಿಯ ಬುಡದಲ್ಲಿರುವುದು, ಸಂಶಯವಿಲ್ಲ. ಇಂಥ ಮಂಚದಲ್ಲಿ ಮಲಗಿದರೆ ಇಂಥ ಕೇಡು ಎಂಬ ಹೆದರಿಕೆಯೂ ಅಲ್ಲಿದೆ. ಆದರೆ ಪಟ್ಟಿ ಏನು ಮಾಡುತ್ತದೆ ಎಂದು ನೋಡಬೇಕು. ದಾರಿಹೋಕರಿಗೆ ನೆರಳು ಕೊಡುವ ಮರವನ್ನು ಅದು ಉಳಿಸುತ್ತದೆ, ಹಕ್ಕಿ ಮತ್ತು ಜೇನು ಮನೆ ಮಾಡಿಕೊಂಡ ಮರವನ್ನು ಉಳಿಸುತ್ತದೆ. ಅದೇ ಗ್ರಂಥದ ಇನ್ನೊಂದು ಅಧ್ಯಾಯ ವಿಗ್ರಹಕ್ಕೆ ಮರ ತರಲು ಕಾಡಿಗೆ ಹೋಗುವ ವಿಧಿಯನ್ನು ಹೇಳುತ್ತದೆ. ಕಡಿಯುವ ಹಿಂದಿನ ರಾತ್ರಿ ಮರಕ್ಕೆ ಪೂಜೆ ಸಲ್ಲಿಸಿ, ಅದರಲ್ಲಿ ವಾಸವಾಗಿರುವ ಜೀವಗಳು ಬೇರೆ ನೆಲೆ ನೋಡಿಕೊಳ್ಳಲಿ ಎಂದು ಬೇಡಿಕೊಳ್ಳಬೇಕು. ಕಡಿಯುವುದು ಹೇಗೂ ಕಡಿಯುತ್ತೀರಿ, ಬೇಡಿಕೊಂಡರೆ ಮರಕ್ಕೇನು ಲಾಭ, ಇದು ಮನಸ್ಸಾಕ್ಷಿಗೆ ಸವರುವ ಮುಲಾಮು ಎಂದು ಯಾರಾದರೂ ಹೇಳಬಹುದು. ಬೇಡಿಕೆ ಬರೀ ಬಾಯಿಮಾತಾದರೆ ಹಾಗೇ ಸರಿ. ಆದರೆ ಒಂದು ರಾತ್ರಿ ತಡೆದು ನಿಲ್ಲಬೇಕೆನ್ನುವ ವಿಧಿಯಿಂದ ಮರ ಕಡಿಯುವವನು ಆ ಮರದಲ್ಲಿ ಯಾರಿದ್ದಾರೆ ಎಂದು ಕತ್ತೆತ್ತಿ ನೋಡುವ ಹಾಗಾಗುತ್ತದೆ. ಇವತ್ತಿನ ಪೀಠೋಪಕರಣದ ಖರೀದಿಯಲ್ಲಿ ಕತ್ತೆತ್ತಿ ನೋಡುವ ಆ ಒಂದು ಗಳಿಗೆಯೇ ಇಲ್ಲ. ಬಣ್ಣದ ಪುಸ್ತಕ ತೆರೆದು ಸಂಖ್ಯೆ ಹೇಳಿದರೆ ಹಲಗೆ ಬರುತ್ತದೆ. ಅದು ಯಾವ ಮರ, ಯಾವ ನೆಲದ್ದು, ಯಾರು ಕೊಯ್ದರು ಎಂಬುದು ಕೊಳ್ಳುವವನಿಗೂ ಗೊತ್ತಿಲ್ಲ, ಮಾರುವವನಿಗೂ ಗೊತ್ತಿಲ್ಲ.

ಇನ್ನೂ ಕಠಿಣವಾದ ಆಕ್ಷೇಪ ಜೈನ ದರ್ಶನದ್ದು. ಅದರ ಪ್ರಕಾರ ಮರ ಏಕೇಂದ್ರಿಯ ಜೀವ. ಶ್ರಾವಕರಿಗೆ, ಅಂದರೆ ಜೈನ ಗೃಹಸ್ಥರಿಗೆ, ಸಲ್ಲದ ಹದಿನೈದು ವೃತ್ತಿಗಳಲ್ಲಿ ಕಾಡು ಕಡಿದು ಮಾರುವುದೂ ಒಂದು. ಅರಗಿನ ವ್ಯಾಪಾರವೂ ಅದೇ ಪಟ್ಟಿಯಲ್ಲಿದೆ, ಏಕೆಂದರೆ ಅರಗು ಹುಳುಗಳಿಂದ ಬರುವಂಥದ್ದು. ಇದು ನಮ್ಮ ಚರ್ಚೆಗೆ ನೇರವಾಗಿ ತಾಗುತ್ತದೆ. ಚನ್ನಪಟ್ಟಣದ ಬೊಂಬೆಯ ಹಾಗೆ ಆಲೆಮರಕ್ಕೆ ಅರಗಿನ ಬಣ್ಣ ಹಚ್ಚಿದ ವಸ್ತುವನ್ನು ನಾವು ನೈಸರ್ಗಿಕವೆಂದು ಹೊಗಳುತ್ತೇವೆ, ಮಕ್ಕಳ ಬಾಯಿಗೂ ಅಪಾಯವಿಲ್ಲ ಎನ್ನುತ್ತೇವೆ. ಅದು ನಿಜ. ಆದರೂ ಆ ಹೊಳಪಿನ ಹಿಂದೆ ಹುಳುಗಳ ಸಾವಿದೆ ಎಂದು ಜೈನರು ಶತಮಾನಗಳ ಹಿಂದೆಯೇ ಲೆಕ್ಕ ಇಟ್ಟಿದ್ದರು. ಹಾಗಾದರೆ ಯಾರಿಗೂ ನೋವಾಗದ ಪೀಠೋಪಕರಣ ಸಾಧ್ಯವೇ? ಸಾಧ್ಯವಿಲ್ಲ. ಮರ ಬೇಡವೆಂದು ಉಕ್ಕು, ಪ್ಲಾಸ್ಟಿಕ್‌ಗಳ ಕಡೆ ತಿರುಗಿದರೆ ಗಣಿಯೂ ಎಣ್ಣೆಬಾವಿಯೂ ಬರುತ್ತವೆ. ಹಿಂಸೆಯಿಲ್ಲದ ಕುರ್ಚಿ ಮಾಡುತ್ತೇವೆಂದು ಯಾರಾದರೂ ಹೇಳಿದರೆ ಅದು ಸುಳ್ಳು ಜಾಹೀರಾತು. ಇಲ್ಲಿ ಗೃಹಸ್ಥನ ಧರ್ಮವನ್ನು ಕುರಿತ ಹಳೆಯ ಆಲೋಚನೆಯೊಂದು ನೆರವಿಗೆ ಬರುತ್ತದೆ. ಒಲೆ, ಬೀಸುವ ಕಲ್ಲು, ಪೊರಕೆ, ಒರಳು-ಒನಕೆ, ನೀರಿನ ಕೊಡ ಈ ಐದೂ ಮನೆಯೊಳಗಿನ ವಧಾಸ್ಥಾನಗಳು ಎಂದು ಧರ್ಮಶಾಸ್ತ್ರ ಹೇಳುತ್ತದೆ. ಬದುಕುವುದಕ್ಕಾಗಿ ಬಳಸುವ ಸಾಮಾನುಗಳೇ ದಿನವೂ ಕೊಲ್ಲುತ್ತವೆ, ಅದರ ಋಣ ತೀರಿಸಲು ದಿನವೂ ಐದು ಯಜ್ಞ ಮಾಡಬೇಕು. ಆ ಐದರಲ್ಲಿ ಒಂದು ಅತಿಥಿಗೆ ಸಲ್ಲಬೇಕಾದದ್ದು, ಇನ್ನೊಂದು ಸಕಲ ಜೀವಿಗಳಿಗೆ ಸಲ್ಲಬೇಕಾದದ್ದು. ನನ್ನ ವಾದಕ್ಕೆ ಇದಕ್ಕಿಂತ ಹತ್ತಿರದ ಆಧಾರ ಬೇರೆ ಕಾಣೆ. ಅತಿಥಿಯೂ ಜೀವಸಂಕುಲವೂ ಒಂದೇ ಪಟ್ಟಿಯಲ್ಲಿದ್ದಾರೆ. ಒಬ್ಬರ ಪಾಲನ್ನು ಕಿತ್ತು ಇನ್ನೊಬ್ಬರಿಗೆ ಬಡಿಸಿದರೆ ಯಜ್ಞ ಪೂರ್ತಿಯಾಗುವುದಿಲ್ಲ.

ಈ ಐದು ವಧಾಸ್ಥಾನಗಳ, ಅಂದರೆ ಪಂಚಸೂನೆಗಳ, ಮಾತು ಮನುಸ್ಮೃತಿಯಲ್ಲಿದೆ ಎನ್ನುವುದನ್ನು ಮುಚ್ಚಿಡಲಾಗದು. ಮನುಷ್ಯರನ್ನು ಮೇಲು ಕೀಳೆಂದು ವಿಂಗಡಿಸಿದ ಆ ಗ್ರಂಥವನ್ನು ಡಾ. ಅಂಬೇಡ್ಕರ್ 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಸುಟ್ಟರು. ಇರುವೆಯ ಸಾವಿಗೂ ಪ್ರಾಯಶ್ಚಿತ್ತ ಹೇಳಿದ ಪರಂಪರೆ ಮನುಷ್ಯನಿಗೆ ಆಸನವನ್ನು ನಿರಾಕರಿಸಿತು. ಅಂಬೇಡ್ಕರ್ ತಮ್ಮ ಬಾಲ್ಯವನ್ನು ಕುರಿತು ಬರೆದಿದ್ದಾರೆ: ಶಾಲೆಯಲ್ಲಿ ಅವರು ಬೇರೆ ಮಕ್ಕಳ ಜೊತೆ ಕೂರುವಂತಿರಲಿಲ್ಲ. ಮೂಲೆಯಲ್ಲಿ ಒಂದು ಗೋಣಿತಾಟಿನ ಮೇಲೆ ಕೂರಬೇಕಿತ್ತು. ಶಾಲೆಯ ಜವಾನ ಅದನ್ನು ಮುಟ್ಟುತ್ತಿರಲಿಲ್ಲವಾದ್ದರಿಂದ ಸಂಜೆ ಅದನ್ನು ಮನೆಗೆ ಒಯ್ದು ಮರುದಿನ ತಾವೇ ಹೊತ್ತು ತರಬೇಕಿತ್ತು. ಒಬ್ಬನಿಗೆಂದೇ ಪ್ರತ್ಯೇಕವಾಗಿ ಗೊತ್ತುಮಾಡಿದ ಆಸನ ಎಷ್ಟು ಕ್ರೂರವಾಗಬಲ್ಲುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ನಮ್ಮ ಹಳ್ಳಿಮನೆಗಳ ಜಗಲಿಯನ್ನು ದಾರಿಹೋಕರಿಗೆಂದೇ ಮನೆಯ ಜೊತೆಗೆ ಕಟ್ಟಿಸಿದ ಆಸನವೆಂದು ಕೊಂಡಾಡುತ್ತೇವೆ. ಅಪ್ಪಣೆ ಕೇಳದೆ ಕೂರಬಹುದಾದ, ಮನೆ ಇರುವಷ್ಟು ಕಾಲ ಬಾಳುವ, ಮಣ್ಣು ಕಲ್ಲುಗಳದ್ದೇ ಆದ ಆ ಕಟ್ಟೆಗಿಂತ ಪರಿಸರಸ್ನೇಹಿಯಾದ ಪೀಠೋಪಕರಣವನ್ನು ಊಹಿಸುವುದೂ ಕಷ್ಟ. ಆದರೆ ಎಷ್ಟೋ ಜಗಲಿಗಳ ಮೇಲೆ ಕೆಲವರು ಕೂರುವಂತಿರಲಿಲ್ಲ, ಅಂಗಳದಲ್ಲೇ ನಿಲ್ಲಬೇಕಿತ್ತು. ಹೀಗಾಗಿ ಬಾಳಿಕೆ, ಸ್ಥಳೀಯ ಸಾಮಗ್ರಿ, ಕುಶಲ ಕೆಲಸ ಇವೆಲ್ಲ ಸೇರಿದರೂ ಆಸನ ಅಧರ್ಮದ್ದಾಗಿಯೇ ಇರಬಹುದು. ಪರಿಸರದ ಹೆಸರಿನಲ್ಲಿ ಹಿಂದಿನದನ್ನೆಲ್ಲ ಚಂದವಾಗಿ ಕಾಣುವವರಿಗೆ ಇದನ್ನು ಒತ್ತಿ ಹೇಳಬೇಕಾಗಿದೆ.

ಪ್ಲಾಸ್ಟಿಕ್ ಕುರ್ಚಿಯ ಪರವಾದ ವಾದಕ್ಕೆ ಬಲ ಬರುವುದೂ ಇಲ್ಲಿಂದಲೇ. ಒಂದೇ ಅಚ್ಚಿನಲ್ಲಿ ತೆಗೆದ ಅಗ್ಗದ ಕುರ್ಚಿ ಬಂದ ಮೇಲೆ ಮದುವೆಮನೆಯಲ್ಲಿ, ಗ್ರಾಮಸಭೆಯಲ್ಲಿ, ಚಹದಂಗಡಿಯಲ್ಲಿ ಎಲ್ಲರಿಗೂ ಒಂದೇ ಎತ್ತರದ, ಒಂದೇ ಬಣ್ಣದ ಆಸನ ಸಿಕ್ಕಿತು. ಶತಮಾನಗಳ ಕಾಲ ನೆಲದಲ್ಲಿ ಕೂತವರು ಬೆನ್ನು ಆನಿಸಿಕೊಂಡು ಕೂತರು. ತೇಗದ ಕುರ್ಚಿ ಮಾಡದ ಕೆಲಸವನ್ನು ಅದು ಮಾಡಿತು. ಪರಿಸರದ ಮಾತಾಡುವವರು ಈ ಕುರ್ಚಿಯನ್ನು ಕೀಳಾಗಿ ಕಂಡರೆ ಆ ತಿರಸ್ಕಾರದಲ್ಲಿ ವರ್ಗದ ವಾಸನೆ ಇದೆ ಎಂದೇ ಹೇಳುತ್ತೇನೆ. ಅದರ ಕಾಲು ಸೀಳಿದ ಮೇಲೆ ಕೂಡಿಸಲಾಗದು, ಬಿಸಿಲಿಗೆ ಅದು ಪುಡಿಯಾಗುತ್ತದೆ, ಕೊನೆಗೆ ಚರಂಡಿಯಲ್ಲೋ ಬೆಂಕಿಯಲ್ಲೋ ಮುಗಿಯುತ್ತದೆ ಎನ್ನುವುದೂ ಅಷ್ಟೇ ನಿಜ. ಚರಂಡಿಯ ಪಕ್ಕ ಬದುಕುವವರು, ಅದರ ಹೊಗೆ ಕುಡಿಯುವವರು ಬಹುಪಾಲು ಬಡವರೇ. ಸಮಾನತೆಯ ಕೊಡುಗೆ ಕೊಟ್ಟ ವಸ್ತುವೇ ತನ್ನ ಕೊನೆಯ ದಿನಗಳಲ್ಲಿ ಅದನ್ನು ಹಿಂದಕ್ಕೆ ಪಡೆಯುತ್ತದೆ. ಆದ್ದರಿಂದ ಪ್ಲಾಸ್ಟಿಕ್ ಕುರ್ಚಿಯಿಂದ ಅದರ ಸಮಾನತೆಯನ್ನು ಕಲಿಯಬೇಕು, ಅದರ ಅಲ್ಪಾಯುಷ್ಯವನ್ನು ಬಿಡಬೇಕು. ಕಚೇರಿಗೆಂದು ಮಾಡಿಸುವ ಪೀಠೋಪಕರಣದಲ್ಲಿ ಇದು ಆಗಬಹುದಾದ ಕೆಲಸ. ಅಧಿಕಾರಿಗೆ ಎತ್ತರದ ಬೆನ್ನಿನ ತಿರುಗುಕುರ್ಚಿ, ಅದರ ಬೆನ್ನಿಗೊಂದು ಟವೆಲ್ಲು, ಬಂದವರಿಗೆ ಗೋಡೆಗೆ ಒತ್ತರಿಸಿದ ಕಬ್ಬಿಣದ ಬೆಂಚು ಎಂಬ ಶ್ರೇಣಿಯನ್ನು ಅಳತೆ ಕೊಡುವಾಗಲೇ ಮುರಿಯಬಹುದು. ಮೇಜಿನ ಎರಡೂ ಕಡೆ ಒಂದೇ ಎತ್ತರ, ಒಂದೇ ಮರ, ಒಂದೇ ಮೆತ್ತೆ. ಗಾಲಿಕುರ್ಚಿಯಲ್ಲಿ ಬರುವವರ ಮೊಣಕಾಲು ಮೇಜಿನ ಅಡಿ ಸೇರುವಷ್ಟು ಜಾಗ. ವಯಸ್ಸಾದವರು ಊರಿಕೊಂಡು ಏಳಲು ಗಟ್ಟಿ ಕೈಗಳಿರುವ ಕುರ್ಚಿ. ಹೇಳಿ ಮಾಡಿಸುವುದರ ಧರ್ಮ ಇಷ್ಟೇ: ಬರುವ ಮನುಷ್ಯನ ಮೈಯನ್ನು ನೆನೆದು ಅಳತೆ ಕೊಡುವುದು. ಕಾರ್ಖಾನೆಯ ಸರಾಸರಿ ಮನುಷ್ಯ ಯಾವ ಕಚೇರಿಗೂ ಬಂದವನಲ್ಲ.

ಇನ್ನು ಮರದ ಮಾತು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದ ನಂತರ, ಕೇಂದ್ರ ಸರ್ಕಾರ ಒಪ್ಪಿದ ಕಾರ್ಯಯೋಜನೆ ಇಲ್ಲದೆ ಕಾಡಿನಲ್ಲಿ ಮರ ಕಡಿಯುವುದು ನಿಂತಿತು. ಮೈಸೂರಿನ ಕುಸುರಿ ಕೆಲಸಕ್ಕೆ ಹೆಸರಾದ ಬೀಟೆಮರ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರದ ನಿರ್ಬಂಧಕ್ಕೆ ಒಳಪಟ್ಟಿದೆ. ಆ ಮರವನ್ನು ಇನ್ನು ಸಭಾಂಗಣದ ಮೇಜಿಗೆ ಬಳಸುವುದನ್ನು ಯಾವ ಘನತೆಯ ಮಾತೂ ಸಮರ್ಥಿಸದು. ಘನಮರದ ಜಾಗಕ್ಕೆ ಪ್ಲೈವುಡ್, ಪಾರ್ಟಿಕಲ್ ಬೋರ್ಡ್, ಎಂ.ಡಿ.ಎಫ್. ಬಂದವು. ಚಿಕ್ಕ ಮರ, ಹೊಟ್ಟು, ಪುಡಿಗಳನ್ನೂ ಬಳಸುವುದರಿಂದ ಇವು ಮರವನ್ನು ಉಳಿಸುತ್ತವೆ ಎಂಬ ವಾದದಲ್ಲಿ ಹುರುಳಿದೆ. ಆದರೆ ಪುಡಿಯನ್ನು ಹಿಡಿದಿಡುವುದು ಅಂಟು, ಅದರಲ್ಲಿ ಹೆಚ್ಚಿನದು ಯೂರಿಯಾ ಮತ್ತು ಫಾರ್ಮಾಲ್ಡಿಹೈಡ್‌ಗಳಿಂದಾದದ್ದು. ಫಾರ್ಮಾಲ್ಡಿಹೈಡನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಹೊಸ ಕಚೇರಿಯ ವಾಸನೆ ಎಂದು ನಾವು ಇಷ್ಟಪಡುವುದರಲ್ಲಿ ಇದರ ಪಾಲೂ ಇರುತ್ತದೆ. ಕಣ್ಣುರಿಸುವ ಗಾಳಿಯಲ್ಲಿ ಬಂದವರನ್ನು ಕೂರಿಸಿ ಸ್ವಾಗತ ಎನ್ನುವುದು ಹೇಗೆ? ಹಾಗೆಂದು ಘನಮರದವರು ಬೀಗುವ ಹಾಗೂ ಇಲ್ಲ. ಮರದ ಧೂಳನ್ನೂ ಅದೇ ಸಂಸ್ಥೆ 1995ರಲ್ಲೇ ಅದೇ ಗುಂಪಿಗೆ ಸೇರಿಸಿದೆ. ಬಂದವರು ಬೋರ್ಡಿನ ಗಾಳಿಯನ್ನು ಒಂದು ಗಂಟೆ ಸೇವಿಸಿದರೆ, ಬಡಗಿ ಧೂಳನ್ನು ಜೀವಮಾನವಿಡೀ ಸೇವಿಸುತ್ತಾನೆ. ಮೇಜಿನ ಬೆಲೆಯಲ್ಲಿ ಧೂಳು ಹೀರುವ ಯಂತ್ರದ, ಒಳ್ಳೆಯ ಮುಖಗವಸಿನ ಖರ್ಚು ಸೇರದಿದ್ದರೆ ಆ ಮೇಜು ಅಗ್ಗವಾದದ್ದು ಬಡಗಿಯ ಶ್ವಾಸಕೋಶದ ಲೆಕ್ಕದಲ್ಲಿ.

ಸುಸ್ಥಿರ ಎಂಬುದಕ್ಕೆ ಅಳತೆ ಏನು? ಪ್ರಮಾಣಪತ್ರಗಳ ಕಾಲಕ್ಕೆ ಬಹಳ ಮೊದಲೇ ಗಾಂಧೀವಾದಿ ಅರ್ಥಶಾಸ್ತ್ರಜ್ಞ ಜೆ.ಸಿ. ಕುಮಾರಪ್ಪ ಒಂದನ್ನು ಕೊಟ್ಟರು. ಸೆರೆಮನೆಯಲ್ಲಿ ಬರೆದು 1945ರಲ್ಲಿ ಪ್ರಕಟವಾದ ಶಾಶ್ವತತೆಯ ಅರ್ಥವ್ಯವಸ್ಥೆಯನ್ನು ಕುರಿತ ಅವರ ಕೃತಿ ಹೆಸರಾದದ್ದು. ತೆಗೆದಷ್ಟೂ ಬರಿದಾಗುವ ಕಲ್ಲಿದ್ದಲು, ಪೆಟ್ರೋಲಿಯಂಗಳಂಥ ದಾಸ್ತಾನನ್ನು ನೆಚ್ಚಿದ ಆರ್ಥಿಕತೆ ಒಂದು. ಹರಿಯುವ ನೀರು, ಬೆಳೆಯುತ್ತಲೇ ಇರುವ ಮರಗಳಂಥ ಹರಿವನ್ನು ನೆಚ್ಚಿದ್ದು ಇನ್ನೊಂದು ಎಂದು ಅವರು ಬೇರ್ಪಡಿಸಿದರು. ಮರ ಎರಡನೆಯದಕ್ಕೆ ಸೇರುವುದು ಒಂದೇ ಕರಾರಿನ ಮೇಲೆ: ಅದು ಬೆಳೆಯುವ ವೇಗವನ್ನು ನಾವು ಬಳಸುವ ವೇಗ ಮೀರಬಾರದು. ಇದರಿಂದ ಸರಳವಾದ ಒಂದು ನಿಯಮ ಹೊರಡುತ್ತದೆ. ಮರ ಬೆಳೆಯಲು ಹಿಡಿದಷ್ಟು ವರ್ಷವಾದರೂ ಅದರಿಂದ ಮಾಡಿದ ವಸ್ತು ಬಾಳಬೇಕು. ಒಣಮರದ ತೂಕದಲ್ಲಿ ಸುಮಾರು ಅರ್ಧದಷ್ಟು ಇಂಗಾಲ. ಮೇಜು ಮೇಜಾಗಿರುವಷ್ಟು ಕಾಲ ಅದು ಗಾಳಿಗೆ ಸೇರುವುದಿಲ್ಲ, ಅಷ್ಟರಲ್ಲಿ ಇನ್ನೊಂದು ಮರ ಅದರ ಜಾಗಕ್ಕೆ ಬೆಳೆದಿರುತ್ತದೆ. ಅರವತ್ತು ವರ್ಷ ಬೆಳೆದ ತೇಗವನ್ನು ತಂದು, ಬಾಡಿಗೆಯ ಕರಾರು ಮುಗಿದಾಗ ಒಡೆದು ಹಾಕುವ ಗೋಡೆಗೆ ಹೊದಿಸಿದರೆ, ಆ ಹಲಗೆಗೆ ಎಂಥ ಪ್ರಮಾಣಪತ್ರ ಇದ್ದರೂ ಋಣ ತೀರಲಿಲ್ಲ. ಬಿದಿರಿನ ಲೆಕ್ಕ ಬೇರೆ. ಒಂದು ಗಳ ಮೂರು ನಾಲ್ಕು ವರ್ಷಕ್ಕೆ ಬಲಿಯುತ್ತದೆ, ಬುಡದಿಂದ ಮತ್ತೆ ಚಿಗುರುತ್ತದೆ. 2017ರ ತಿದ್ದುಪಡಿಯಿಂದ ಕಾಡಿನ ಹೊರಗೆ ಬೆಳೆದ ಬಿದಿರನ್ನು ಅರಣ್ಯ ಕಾಯ್ದೆ ಮರವೆಂದು ಎಣಿಸುವುದನ್ನೂ ಬಿಟ್ಟಿದೆ. ಹೊಸಹೊಸದಾಗಿ ಬದಲಾಗುತ್ತಲೇ ಇರಬೇಕೆಂದು ಹಟ ಹಿಡಿಯುವ ಕಚೇರಿಗೆ ಹೊಂದುವುದು ಬಿದಿರು, ಬೆತ್ತಗಳೇ. ಮೇದರ ಕೈಗೆ ಅದರಿಂದ ಕೆಲಸವೂ ಸಿಕ್ಕೀತು.

ನಡುವಿನ ಆಯುಷ್ಯದ ಮರಗಳಲ್ಲಿ ಕರ್ನಾಟಕಕ್ಕೆ ಹತ್ತಿರದವು ಎರಡು. ರಬ್ಬರ್ ತೋಟದಲ್ಲಿ ಇಪ್ಪತ್ತೈದು ಮೂವತ್ತು ವರ್ಷ ಹಾಲು ಕೊಟ್ಟ ಮರವನ್ನು ಹೇಗೂ ತೆಗೆಯುತ್ತಾರೆ. ಒಂದು ಕಾಲಕ್ಕೆ ಸೌದೆಯಾಗಿ ಉರಿದುಹೋಗುತ್ತಿದ್ದ ಅದು ಈಗ ಒಳ್ಳೆಯ ಪೀಠೋಪಕರಣವಾಗುತ್ತದೆ. ಹುಳ ಹಿಡಿಯದಂತೆ ಬೋರಾನ್ ಲವಣಗಳಲ್ಲಿ ಅದ್ದಿ ಒಣಗಿಸಬೇಕು ಎನ್ನುವುದೊಂದೇ ತೊಡಕು. ಇನ್ನೊಂದು ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ತೋಟಗಳ ಸಿಲ್ವರ್ ಓಕ್. ಆಸ್ಟ್ರೇಲಿಯಾ ಮೂಲದ ಈ ಮರ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ. ಆದರೆ ಇದರಲ್ಲೂ ಎಚ್ಚರ ಬೇಕು. ಸಿಲ್ವರ್ ಓಕ್‌ಗೆ ಬೆಲೆ ಏರಿದಂತೆಲ್ಲ ತೋಟದಲ್ಲಿ ಅತ್ತಿ, ಹಲಸು, ನಂದಿ, ಮತ್ತಿಗಳ ನೆರಳು ಕಡಿಮೆಯಾಗುತ್ತ ಬಂದಿದೆ, ಅತ್ತಿ, ಹಲಸಿನ ಹಣ್ಣನ್ನು ನಂಬಿದ ಹಕ್ಕಿಗಳೂ ಕಡಿಮೆಯಾಗಿವೆ. ಯಾವುದು ಪರಿಸರಸ್ನೇಹಿ ಮರ ಎಂಬ ಪ್ರಶ್ನೆಗೆ ಮರದ ಹೆಸರನ್ನು ಉತ್ತರವಾಗಿ ಕೊಡಲಾಗದು. ಯಾವ ತೋಟದ್ದು, ಅದರ ಜಾಗದಲ್ಲಿ ಏನು ನೆಟ್ಟರು ಎಂದು ಕೇಳಬೇಕು. ವರಾಹಮಿಹಿರ ಕೇಳಿದ್ದೂ ಇಂಥದ್ದನ್ನೇ.

ಈ ಎಲ್ಲ ಎಚ್ಚರಗಳೂ ಒಟ್ಟಿಗೆ ಕೂಡಿಬಂದ ನಿಜವಾದ ಉದಾಹರಣೆ ಇದೆಯೇ ಎಂದರೆ ಜಾರ್ಜ್ ನಕಾಶಿಮಾ ಅವರ ಬದುಕನ್ನು ತೋರಿಸುತ್ತೇನೆ. ಜಪಾನಿ ಮೂಲದ ಈ ಅಮೆರಿಕನ್ ವಾಸ್ತುಶಿಲ್ಪಿ 1930ರ ದಶಕದ ಕೊನೆಯಲ್ಲಿ, ವಾಸ್ತುಶಿಲ್ಪಿ ಆಂಟೊನಿನ್ ರೇಮಂಡ್ ಅವರ ಪರವಾಗಿ, ಪುದುಚೇರಿಯ ಅರವಿಂದಾಶ್ರಮದ ಗೋಲ್ಕೊಂಡ್ ಎಂಬ ವಸತಿಗೃಹದ ಕೆಲಸಕ್ಕೆ ಬಂದರು. ಬಂದವರು ಸಾಧಕರೇ ಆದರು. ಶ್ರೀ ಅರವಿಂದರು ಅವರಿಗೆ ಸುಂದರಾನಂದ ಎಂದು ಹೆಸರಿಟ್ಟರು. ಆ ಕಟ್ಟಡಕ್ಕೆ ಅವರು ತೇಗದಲ್ಲಿ ವಿನ್ಯಾಸ ಮಾಡಿದ ಸರಳ ಮಂಚ, ಮೇಜು, ಕುರ್ಚಿಗಳು ತಲೆಮಾರುಗಳ ಕಾಲ ಬಳಕೆಯಲ್ಲಿ ಉಳಿದವು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರ ಜಪಾನಿ ಮೂಲದವರನ್ನು ಬಂಧನ ಶಿಬಿರಗಳಿಗೆ ದೂಡಿದಾಗ ನಕಾಶಿಮಾ ಐಡಾಹೊದ ಮಿನಿಡೋಕಾ ಶಿಬಿರ ಸೇರಿದರು. ಅಲ್ಲಿ ಜಪಾನಿನಲ್ಲಿ ಕಲಿತ ಒಬ್ಬ ಹಿರಿಯ ಬಡಗಿಯ ಕೈಕೆಳಗೆ, ಎಸೆದ ಚೂರು ಮರಗಳಲ್ಲಿ ಕೆಲಸ ಕಲಿತರು. ಮುಂದೆ ಪೆನ್ಸಿಲ್ವೇನಿಯಾದ ನ್ಯೂ ಹೋಪ್‌ನಲ್ಲಿ ನೆಲೆಸಿ, ಗಂಟು, ಬಿರುಕುಗಳಿವೆಯೆಂದು ವ್ಯಾಪಾರಿಗಳು ಬೇಡವೆಂದ ಹಲಗೆಗಳನ್ನೇ ಹುಡುಕಿ ತಂದರು. ಬಿರುಕನ್ನು ಮುಚ್ಚದೆ, ಚಿಟ್ಟೆಯಾಕಾರದ ಮರದ ತುಂಡನ್ನು ಅಡ್ಡಲಾಗಿ ಕೂರಿಸಿ ಅದು ಮುಂದೆ ಓಡದಂತೆ ಹಿಡಿದರು. ಒಂದು ಮರಕ್ಕೆ ಎರಡನೆಯ ಬದುಕನ್ನು ಕೊಡುವುದು ಬಡಗಿಯ ಹೊಣೆ ಎಂಬ ಅವರ ನಂಬಿಕೆ 1981ರ ಅವರ ಪುಸ್ತಕದ ಜೀವಾಳ. 1964ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೂ ಬಂದು ಅವರು ಕೆಲಸ ಮಾಡಿದರು. ಅವರ ಮೇಜುಗಳು ಈಗ ಶ್ರೀಮಂತರ ಸಂಗ್ರಹದ ವಸ್ತುಗಳಾಗಿವೆ, ಅದರಿಂದ ಸಾಮಾನ್ಯನಿಗೇನು ಬಂತು ಎಂದು ಕೇಳಬಹುದು. ಬೆಲೆ ಏರಿದ್ದು ನಿಜ. ನಮಗೆ ಬೇಕಾದದ್ದು ಆ ಬೆಲೆಯ ಮೇಜಲ್ಲ, ಆ ನೋಟ. ಗಂಟಿರುವ ಹಲಗೆಯನ್ನು ಎಸೆಯದ ನೋಟಕ್ಕೆ ಹೆಚ್ಚು ಹಣ ಬೇಕಿಲ್ಲ. ಮೊಳೆ, ಅಂಟುಗಳ ಬದಲು ಕಳಚಿ ಮತ್ತೆ ಕೂಡಿಸಬಹುದಾದ ಬೆಣೆಯ ಕೆಲಸಕ್ಕೆ ಬೇಕಾದದ್ದು ಪಳಗಿದ ಕೈ ಮತ್ತು ಸಮಯ.

ಕೈ ಮತ್ತು ಸಮಯ ಎಂದಾಗ ಕನ್ನಡಿಗರಿಗೆ ಕಲ್ಯಾಣ ನೆನಪಾಗಬೇಕು. ಹನ್ನೆರಡನೆಯ ಶತಮಾನದ ಶರಣರಲ್ಲಿ ಬಿದಿರಿನ ಕೆಲಸದ ಮೇದಾರ ಕೇತಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಮರಗೆಲಸದ ಬಾಚಿ ಕಾಯಕದ ಬಸವಯ್ಯ ಇದ್ದರು. ಅವರ ಪಾಲಿಗೆ ಕಾಯಕ ಮತ್ತು ದಾಸೋಹ ಬೇರೆ ಬೇರೆಯಾಗಿರಲಿಲ್ಲ. ದುಡಿಮೆ ಶುದ್ಧವಾಗಿದ್ದರೆ ಮಾತ್ರ ಅದರಿಂದ ಬಂದದ್ದನ್ನು ಜಂಗಮಕ್ಕೆ ನೀಡಬಹುದು. ಅನ್ಯಾಯದ ಗಳಿಕೆಯಿಂದ ಎಷ್ಟು ಬಡಿಸಿದರೂ ದಾಸೋಹವಾಗದು. ವೈದಿಕ ವಿಧಿ ಆಸನವನ್ನು ಕೊಡಬೇಕೆಂದಿತು, ಯಾರಿಗೆ ಎಂಬಲ್ಲಿ ತಪ್ಪಿತು. ಶರಣರು ಯಾರಿಗೆ ಎಂಬ ತಡೆಯನ್ನು ಒಡೆದರು, ಜೊತೆಗೆ ಯಾವುದರಿಂದ ಎಂಬ ಪ್ರಶ್ನೆಯನ್ನೂ ಇಟ್ಟರು. ಕಚೇರಿಯ ಸ್ವಾಗತಕ್ಕೆ ಈ ಎರಡನೆಯ ಪ್ರಶ್ನೆಯೇ ಕಠಿಣ. ಬಡಗಿಗೆ ಕೊಡಬೇಕಾದ ಕೂಲಿಯನ್ನು ಮೂರು ತಿಂಗಳು ತಡೆಹಿಡಿದು ಮಾಡಿಸಿದ ಸುಂದರ ಬೆಂಚು ಈ ಪರೀಕ್ಷೆಯಲ್ಲಿ ಗೆಲ್ಲುವುದಿಲ್ಲ. ದುಬಾರಿಯಾಗುತ್ತದೆ ಎಂಬ ಆಕ್ಷೇಪಕ್ಕೂ ಇಲ್ಲೇ ಉತ್ತರವಿದೆ. ನ್ಯಾಯದ ಬೆಲೆ ಕೊಟ್ಟರೆ ಹೊಸದನ್ನು ಕಡಿಮೆ ಮಾಡಿಸಬೇಕಾಗುತ್ತದೆ, ಹಳೆಯದನ್ನು ಹೆಚ್ಚು ದುರಸ್ತಿ ಮಾಡಿಸಬೇಕಾಗುತ್ತದೆ. ಅದು ಒಳ್ಳೆಯದೇ. ಬೆತ್ತದ ಹೆಣಿಗೆ ಹರಿದ ಹಳೇ ಕುರ್ಚಿಗೆ ಮತ್ತೆ ಬೆತ್ತ ಕಟ್ಟಿಸುವುದಕ್ಕಿಂತ ಹಸಿರಾದ ಕೆಲಸ ಯಾವ ಹೊಸ ಕುರ್ಚಿಯಿಂದಲೂ ಆಗದು, ಅದಕ್ಕೊಂದು ಮರವೂ ಬೀಳುವುದಿಲ್ಲ.

ಅಂಗಡಿಗಳಲ್ಲಿ ದುಡಿಯುವವರಿಗೆ ಕೂರುವ ಹಕ್ಕು ಕಾನೂನಾಗಿ ಬಂದದ್ದು ಮೊನ್ನೆ ಮೊನ್ನೆ. ಬಟ್ಟೆಯಂಗಡಿಗಳಲ್ಲಿ ದಿನವಿಡೀ ನಿಂತೇ ದುಡಿಯುತ್ತಿದ್ದ ಹೆಂಗಸರ ಹೋರಾಟದ ಫಲವಾಗಿ ಕೇರಳ 2018ರಲ್ಲಿ ಅಂಗಡಿ ಕಾಯ್ದೆಗೆ ತಿದ್ದುಪಡಿ ತಂದು ಕೆಲಸಗಾರರಿಗೆ ಆಸನ ಕೊಡುವುದನ್ನು ಕಡ್ಡಾಯ ಮಾಡಿತು. 2021ರಲ್ಲಿ ತಮಿಳುನಾಡೂ ಅದೇ ದಾರಿ ಹಿಡಿಯಿತು. ಒಂದು ಸ್ಟೂಲಿಗಾಗಿ ಕಾನೂನೇ ಆಗಬೇಕಾಯಿತು ಎನ್ನುವುದನ್ನು ಅತಿಥಿ ಸತ್ಕಾರದ ಹೆಮ್ಮೆ ಕೊಚ್ಚುವ ನಾವು ಮರೆಯಬಾರದು. ಬೆಂಗಳೂರಿನ ಗಾಜಿನ ಕಚೇರಿಗಳ ಒಳಗೆ ಹೂಬಳ್ಳಿ, ಹಸಿರು ಗೋಡೆ, ಮರುಬಳಕೆಯ ಮರದ ಸ್ವಾಗತ ಮೇಜು ಇರುತ್ತವೆ. ಗೇಟಿನಲ್ಲಿ ಹನ್ನೆರಡು ಗಂಟೆಯ ಪಾಳಿಯ ಕಾವಲುಗಾರ ನಿಂತಿರುತ್ತಾನೆ. ಊಟ ತಂದ ಹುಡುಗ ಫುಟ್‌ಪಾತಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿರುತ್ತಾನೆ, ಕಾರಿನ ಚಾಲಕರು ಕಾರಿಗೇ ಒರಗಿರುತ್ತಾರೆ. ಆ ಕಟ್ಟಡಕ್ಕೆ ನಿತ್ಯ ಬರುವವರಲ್ಲಿ ಇವರ ಸಂಖ್ಯೆ ಸಣ್ಣದಲ್ಲ. ಎಷ್ಟೇ ಹಸಿರು ಪ್ರಶಸ್ತಿ ಬಂದಿದ್ದರೂ ಅಂಥ ಕಚೇರಿಯನ್ನು ಸ್ವಾಗತಿಸುವ ಕಚೇರಿ ಎಂದು ಒಪ್ಪಲು ನಾನು ತಯಾರಿಲ್ಲ.

ಕಚೇರಿಗೆ ಪೀಠೋಪಕರಣ ಮಾಡಿಸಲು ಹೊರಟಿರುವವರಲ್ಲಿ ನನ್ನ ಕೋರಿಕೆ ಇದು. ಇರುವ ಕುರ್ಚಿ ಮೇಜುಗಳಲ್ಲಿ ಯಾವುದನ್ನು ದುರಸ್ತಿ ಮಾಡಬಹುದೆಂದು ಮೊದಲು ಬಡಗಿಯನ್ನು ಕರೆಸಿ ಕೇಳಿ. ಹೊಸದು ಬೇಕೇ ಆದರೆ ಮರ ಯಾವ ತೋಟದಿಂದ ಬಂತೆಂದು ಬರೆಸಿಕೊಳ್ಳಿ, ಕೂಲಿಯನ್ನು ಕೆಲಸ ಮುಗಿದ ದಿನವೇ ಕೊಡಿ. ನಕ್ಷೆ ಕೈಗೆ ಬಂದಾಗ ನಿರ್ದೇಶಕರ ಕೋಣೆಯನ್ನು ಆಮೇಲೆ ನೋಡಿದರಾಯಿತು. ಗೇಟಿನ ಕಾವಲು ಕಾಯುವವರಿಗೆ, ಪಾರ್ಸೆಲ್ ತರುವವರಿಗೆ, ಕಸ ಗುಡಿಸುವವರಿಗೆ ನೆರಳಿನಲ್ಲಿ ಬೆನ್ನಾನಿಸುವ ಆಸನ ಎಲ್ಲಿ ಹಾಕಿದ್ದೀರಿ ಎಂದು ವಿನ್ಯಾಸಕಾರರನ್ನು ಕೇಳಿ. ಅದು ನಕ್ಷೆಯಲ್ಲಿ ಇಲ್ಲದಿದ್ದರೆ ಸಹಿ ಹಾಕದೆ ವಾಪಸು ಕಳಿಸಿ.